ಅರ್ಧ ಹಾಡಿದ ನಿಸ್ತಾರಮ್ಮ

ಬಹಳ ಹಿಂದೆ, ಹೊಳೆ ಹೋಗಿ ಸಮುದ್ರ ಸೇರುವ ಅಳಿವೆಯ ಬದಿಯಲ್ಲಿ, ಏಳ್ಗಂಡಿ ಎಂಬ ಒಂದೂರಿತ್ತು. ಎಷ್ಟು ಹಿಂದೆ ಎಂದು ಕೇಳಬೇಡಿ. ಇಸವಿ ಹಿಡಿದು ಕೂತವರಿಗೆ ಈ ಕತೆ ಹೇಳಿ ಮುಗಿಯುವುದಿಲ್ಲ. ದೂರದ ದೊರೆಗಳು ನಾಡನ್ನು ಆಳುತ್ತಿದ್ದ ಕಾಲ, ಪೇಟೆಗೆ ಹೋಗಬೇಕಾದರೆ ನೀರಿನ ಏರಿಳಿತ ನೋಡಿ ದೋಣಿ ಹತ್ತಬೇಕಾಗಿದ್ದ ಕಾಲ. ಅಷ್ಟು ತಿಳಿದರೆ ಸಾಕು.

ಆ ಊರಿನವರದು ಗಜನಿ ಬೇಸಾಯ. ಗಜನಿ ಎಂದರೆ ಹೊಳೆಯ ಕೈಯಿಂದ ಕಿತ್ತುಕೊಂಡ ಗದ್ದೆ. ದಿನಕ್ಕೆ ಎರಡು ಸಲ ಸಮುದ್ರ ಉಬ್ಬಿ ಹೊಳೆಯೊಳಗೆ ನುಗ್ಗುತ್ತದೆ, ಅದು ಭರತ. ಎರಡು ಸಲ ಹಿಂದಕ್ಕೆ ಸರಿಯುತ್ತದೆ, ಅದು ಇಳಿತ. ಹೊಳೆಗೂ ಗದ್ದೆಗೂ ನಡುವೆ ಉದ್ದಕ್ಕೆ ಒಂದು ಮಣ್ಣಿನ ಕಟ್ಟೆ. ಕಟ್ಟೆಯಲ್ಲಿ ಏಳು ಗಂಡಿ, ಗಂಡಿಗೊಂದು ಹಲಗೆಬಾಗಿಲು. ಇಳಿತಕ್ಕೆ ಬಾಗಿಲು ತೆರೆದು ಮಳೆನೀರನ್ನು ಹೊರಗೆ ಬಿಡಬೇಕು, ಭರತಕ್ಕೆ ಮುಚ್ಚಿ ಉಪ್ಪುನೀರನ್ನು ತಡೆಯಬೇಕು. ಒಳಗೆ ಬೆಳೆಯುವುದು ಕಗ್ಗ ಎಂಬ ಭತ್ತ. ಸ್ವಲ್ಪ ಉಪ್ಪನ್ನು ಅದು ಸಹಿಸಿಕೊಳ್ಳುತ್ತದೆ, ಬಹಳ ಉಪ್ಪಾದರೆ ಕಮರಿಹೋಗುತ್ತದೆ. ಏಳ್ಗಂಡಿಯಲ್ಲಿ ಅನ್ನ ಎಂದರೆ ಆ ಕೆಂಪು ಅನ್ನವೇ.

ವೈಶಾಖದಲ್ಲಿ ಒಂದು ದಿನ ಕಟ್ಟೆಯ ಕೆಲಸ. ಮನೆಗೊಬ್ಬರು ಬರಲೇಬೇಕು, ಗೌಡನ ಮನೆಯಾದರೂ ಸರಿ, ಗಂಡಸಿಲ್ಲದ ಮನೆಯಾದರೂ ಸರಿ. ಹೊಳೆಯ ಕೆಸರನ್ನು ಅಗೆದು ಹೆಂಟೆ ಮಾಡಿ, ಸಾಲಾಗಿ ನಿಂತು, ಕೈಯಿಂದ ಕೈಗೆ ದಾಟಿಸುತ್ತ ಹೋಗುತ್ತಾರೆ. ಕೊನೆಯಲ್ಲಿದ್ದವರು ಅದನ್ನು ಕಟ್ಟೆಗೆ ಹೊಡೆದು ಕೂರಿಸುತ್ತಾರೆ. ಒಬ್ಬರು ಕೈ ನೀಡದಿದ್ದರೆ ಹೆಂಟೆ ನೀರಿಗೆ ಬೀಳುತ್ತದೆ. ಅದಕ್ಕೇ ಆ ಸಾಲಿನಲ್ಲಿ ಜಗಳವಾಡಿದ ಅತ್ತೆ ಸೊಸೆಯರೂ ಪಕ್ಕಪಕ್ಕ ನಿಲ್ಲುತ್ತಿದ್ದರು.

ಅಂಥ ಒಂದು ಕಟ್ಟೆಯ ದಿನ ಅವಳು ಬಂದಳು.

ಅವಳ ಹೆಸರು ನಿಸ್ತಾರಿಣಿ. ಏಳ್ಗಂಡಿಯವರ ನಾಲಗೆಗೆ ಅದು ಹೊರಳಲಿಲ್ಲ, ನಿಸ್ತಾರಮ್ಮ ಎಂದರು. ಹುಟ್ಟಿದ್ದು ಬಂಗಾಲದಲ್ಲಿ, ಇನ್ನೊಂದು ಸಮುದ್ರದ ದಡದಲ್ಲಿ, ಇಲ್ಲಿನ ಹಾಗೆಯೇ ಕಟ್ಟೆ ಕಟ್ಟಿ ಉಪ್ಪುನೀರು ತಡೆಯುವ ಊರಿನಲ್ಲಿ. ಕಟ್ಟೆ ಒಡೆದು ಊರು ಮುಳುಗಿದ ದಿನವೇ ಹುಟ್ಟಿದಳು ಎನ್ನುತ್ತಾರೆ. ಇಲ್ಲ, ಆಗ ಅವಳಿಗೆ ಹನ್ನೆರಡು ವರ್ಷ, ಅಪ್ಪ ಅಮ್ಮ ಇಬ್ಬರನ್ನೂ ನೀರು ಕೊಂಡುಹೋದದ್ದನ್ನು ಕಣ್ಣಾರೆ ಕಂಡಳು ಎಂದೂ ಎನ್ನುತ್ತಾರೆ. ಸಾತಕ್ಕ ಹೇಳಿದ್ದು ಎರಡನೆಯದು. ಈ ಕತೆಯಲ್ಲಿ ಎಲ್ಲಿ ಎರಡು ಮಾತಿದೆಯೋ ಅಲ್ಲಿ ನಾವು ಸಾತಕ್ಕನ ಮಾತನ್ನು ನಂಬೋಣ, ಯಾಕೆಂದರೆ ಕತೆ ನಡೆದದ್ದು ಅವಳ ಅಂಗಳದಲ್ಲಿ, ಕತೆಯ ತಪ್ಪೂ ಅವಳದೇ.

ಊರು ಹೋದ ಮೇಲೆ ನಿಸ್ತಾರಿಣಿಯ ಕೈಗೆ ಒಂದು ಏಕತಾರಿ ಬಂತು. ಸಂತೆಯಲ್ಲಿ ಹಾಡಿದಳು, ದೋಣಿಗಟ್ಟೆಯಲ್ಲಿ ಹಾಡಿದಳು. ನಾಡು ನಮ್ಮದು, ನೆಲ ನಮ್ಮದು ಎಂದು ಸಾರುತ್ತ ಊರೂರು ತಿರುಗುವವರು ಅವಳ ದನಿ ಕೇಳಿ ತಮ್ಮ ಜೊತೆಗೆ ಕರೆದುಕೊಂಡರು. ಮೆರವಣಿಗೆಯ ಮುಂದೆ ಅವಳೇ ನಡೆಯುತ್ತಿದ್ದಳು. ಅವಳು ದಡದಲ್ಲಿ ಹಾಡಿದರೆ ನಡುನೀರಿನ ದೋಣಿಗಳು ಹುಟ್ಟುಹಾಕದೆಯೇ ದಡಕ್ಕೆ ಬರುತ್ತಿದ್ದವು ಎನ್ನುತ್ತಾರೆ. ಅದೆಲ್ಲ ಇರಲಿ. ಎರಡು ಸಲ ಜೈಲು ಕಂಡಳು, ಅದು ಮಾತ್ರ ನಿಜ. ಹೊರಗೆ ಬಂದ ಮೇಲೆ, ಪಡುವಣ ಕರಾವಳಿಯಲ್ಲಿ ಜನರನ್ನು ಎಬ್ಬಿಸಬೇಕು ಎಂದು ಐದು ಜನರನ್ನು ಹಡಗು ಹತ್ತಿಸಿದರು. ನಾಲ್ವರು ಭಾಷಣ ಮಾಡುವವರು, ಹಾಡುವವಳು ಇವಳೊಬ್ಬಳು.

ದೋಣಿ ಏಳ್ಗಂಡಿಯ ತಿರುವಿಗೆ ಬಂದಾಗ ನಿಸ್ತಾರಿಣಿ ಎದ್ದು ನಿಂತಳು. ಕಟ್ಟೆ, ಹಲಗೆಬಾಗಿಲು, ಸಾಲಾಗಿ ನಿಂತ ಜನ, ಕೈಯಿಂದ ಕೈಗೆ ಹೋಗುವ ಮಣ್ಣಿನ ಹೆಂಟೆ. ಮುಳುಗಿಹೋದ ತನ್ನ ಊರು ಇಲ್ಲಿ ಎದ್ದು ನಿಂತಿದೆ ಎಂದು ಅವಳಿಗೆ ಅನ್ನಿಸಿತಂತೆ. ದೋಣಿ ದಡ ಮುಟ್ಟುವ ಮೊದಲೇ ಸೊಂಟದುದ್ದ ನೀರಿಗೆ ಇಳಿದು, ಅಳುತ್ತಲೇ ನಡೆದು ಬಂದು, ಸಾಲಿನಲ್ಲಿ ನಿಂತುಕೊಂಡಳು.

ಅವಳ ಪಕ್ಕದಲ್ಲಿದ್ದವಳು ಸಾತು, ಮುಂದೆ ಊರಿಗೆಲ್ಲ ಸಾತಕ್ಕ ಆದವಳು. ಆರನೇ ಗಂಡಿಯ ಮನೆಯ ಸೊಸೆ, ಗಂಡನನ್ನು ಸಮುದ್ರಕ್ಕೆ ಕೊಟ್ಟವಳು. ಮಾತು ಕಡಿಮೆ, ದನಿ ದೊಡ್ಡದು.

"ಯಾರೇ ತಂಗಿ ನೀನು? ಯಾವೂರ ಬದಿಯವಳು?" ಎಂದು ಸಾತು ಕೇಳಿದಳು.

ನಿಸ್ತಾರಿಣಿಗೆ ಅದು ತಿಳಿಯಲಿಲ್ಲ. ಹೆಂಟೆಯನ್ನು ಸಾತುವಿನ ಕೈಗೆ ಕೊಡುತ್ತ ತನ್ನ ಭಾಷೆಯಲ್ಲಿ ಒಂದು ಸಾಲು ಹಾಡಿ ಅರ್ಧಕ್ಕೆ ನಿಲ್ಲಿಸಿದಳು. ನಿಲ್ಲಿಸಿ ಮುಖ ನೋಡಿದಳು. ಸಾತುವಿಗೆ ಅದು ತಿಳಿಯಲಿಲ್ಲ. ಆದರೆ ಯಾರೋ ಕರೆದ ಹಾಗಿತ್ತು, ಕರೆದರೆ ಓಗೊಡಬೇಕಲ್ಲ. ಹೆಂಟೆ ತೆಗೆದುಕೊಳ್ಳುತ್ತ "ಓ" ಎಂದಳು. ಮುಂದಿನವಳೂ ಓ ಎಂದಳು. ಸಾಲಿನ ಕೊನೆಯವರೆಗೆ ಓ ಎನ್ನುವುದು ಹೆಂಟೆಯ ಜೊತೆಗೇ ಹೋಯಿತು. ಏಳ್ಗಂಡಿಗೂ ನಿಸ್ತಾರಮ್ಮನಿಗೂ ಆದ ಮೊದಲ ಮಾತು ಅದು.

ಉಳಿದ ನಾಲ್ವರು ಭಾಷಣ ಮುಗಿಸಿ ಮುಂದಿನ ಊರಿಗೆ ಹೋದರು. ಅವಳು ಉಳಿದಳು. ಸಾತುವಿನ ಮನೆಯ ಜಗಲಿಯೇ ಅವಳ ಮನೆಯಾಯಿತು.

ಅವಳ ಹಾಡಿನ ರೀತಿ ಬೇರೆ. ಅವಳೂರಲ್ಲಿ ಕಟ್ಟೆಯ ಹಾಡು ಹಾಗೆಯೇ ಅಂತೆ: ಮಣ್ಣು ಕೊಡುವವರು ಅರ್ಧ ಸಾಲು ಹಾಡಬೇಕು, ತೆಗೆದುಕೊಳ್ಳುವವರು ಉಳಿದರ್ಧ. ಆ ಪದ್ಧತಿಯನ್ನು ಅವಳು ಎಲ್ಲಿ ಹೋದರೂ ಬಿಡಲಿಲ್ಲ. ಸಂತೆಯಲ್ಲಿ ಹಾಡಲಿ, ಮೆರವಣಿಗೆಯಲ್ಲಿ ಹಾಡಲಿ, ಹಾಡುವುದು ಮೊದಲ ಅರ್ಧ ಮಾತ್ರ. ಎರಡನೇ ಅರ್ಧ ಅವಳ ಬಾಯಿಂದ ಯಾರೂ ಎಂದೂ ಕೇಳಿಲ್ಲ. ಅವಳು ಕನ್ನಡ ಸ್ವಲ್ಪ ಕಲಿತ ಮೇಲೆ ಸಾತು ಒಮ್ಮೆ ಅವಳನ್ನು ಕೇಳಿದಳು, ಪೂರ್ತಿ ಹಾಡಿದರೆ ಗಂಟು ಹೋಗುತ್ತದೆಯೇ ಎಂದು.

"ನಂದು ಅರ್ಧ," ಎಂದಳು ನಿಸ್ತಾರಮ್ಮ. "ಉಳಿದದ್ದು ನಿಮ್ದು. ನಾನು ಹಾಡಿದ್ರೆ ನಿಮ್ದು ಹೋಯ್ತು."

ಆಮೇಲೆ ಅವಳು ಏಳ್ಗಂಡಿಯ ಕನ್ನಡದಲ್ಲೇ ಅರ್ಧ ಸಾಲುಗಳನ್ನು ಕಟ್ಟಿದಳು. ಎಲ್ಲವೂ ಪ್ರಶ್ನೆಗಳೇ. ಉತ್ತರವನ್ನು ತಾನು ಹೇಳುತ್ತಿರಲಿಲ್ಲ. ಒಂದು ಪ್ರಶ್ನೆ ಹಾಡಿ ವಾರಗಟ್ಟಲೆ ಕಾಯುತ್ತಿದ್ದಳು. ಯಾರೋ ಒಬ್ಬಳು ಭತ್ತ ಕುಟ್ಟುವಾಗ, ಯಾರೋ ಒಬ್ಬ ಬಲೆ ಎಳೆಯುವಾಗ ಉತ್ತರ ಹೊಳೆದು ಹಾಡಿಬಿಡುತ್ತಿದ್ದರು. ಅದು ಊರಿಗೆ ಒಪ್ಪಿಗೆಯಾದರೆ ಹಾಡಾಯಿತು.

"ಉಪ್ಪುನೀರೇ, ಎಲ್ಲಿಗೆ ಬಂದೆ?" ಎಂದು ಅವಳು. "ಬಂದ ದಾರೀಲಿ ಹಿಂದಕ್ಕೆ ನಡಿ" ಎಂದು ಊರು.

"ಈ ಮಣ್ಣಿನ ಹೆಂಟೆ ಯಾರದು?" ಎಂದು ಅವಳು. "ಹೊತ್ತವರದು, ಹೊಡೆದವರದು" ಎಂದು ಊರು.

ಆ ಹಾಡು ಕಟ್ಟೆಯಲ್ಲೇ ಉಳಿದಿದ್ದರೆ ಯಾರಿಗೂ ತೊಂದರೆಯಿರಲಿಲ್ಲ. ಆದರೆ ಅದೇ ಕಾಲಕ್ಕೆ ಪೇಟೆಯ ಒಬ್ಬ ಉಪ್ಪಿನ ಸಾಹುಕಾರನ ಕಣ್ಣು ಏಳ್ಗಂಡಿಯ ಗಜನಿಯ ಮೇಲೆ ಬಿತ್ತು. ಬಾಗಿಲು ಕಿತ್ತು ಸಮುದ್ರದ ನೀರನ್ನು ಒಳಗೆ ಬಿಟ್ಟರೆ, ಅಷ್ಟೂ ಗದ್ದೆ ಉಪ್ಪು ಬೆಳೆಯುವ ಆಗರವಾಗುತ್ತದೆ. ಅವನು ದೊರೆಗಳ ಸರಕಾರಕ್ಕೆ ಅರ್ಜಿ ಕೊಟ್ಟ, ಅದು ಪಾಳು ನೆಲ, ತನಗೆ ಗುತ್ತಿಗೆಗೆ ಕೊಡಬೇಕು ಎಂದು. ಸರಕಾರ ಹೇಳಿತು: ಗದ್ದೆಯಲ್ಲಿ ಬೆಳೆ ನಿಂತಿರುವವರೆಗೆ ಅದು ಊರಿನದು. ಒಂದು ಮಳೆಗಾಲ ಬೆಳೆಯಿಲ್ಲದೆ ಮುಳುಗಿ ಬಿದ್ದರೆ ಅದು ಪಾಳು, ಆಗ ಸಾಹುಕಾರನಿಗೆ. ಹೀಗೆ ಊರಿನ ಅನ್ನವೆಲ್ಲ ಆ ಏಳು ಬಾಗಿಲುಗಳ ಮೇಲೆ ನಿಂತುಕೊಂಡಿತು.

ಆಗ ನಿಸ್ತಾರಮ್ಮ ಅಳಿವೆಯ ಎರಡೂ ದಡದ ಊರುಗಳಿಗೆ ಹೋದಳು. ಪಾತಿದೋಣಿಯಲ್ಲಿ ಸಾತು ಹುಟ್ಟುಹಾಕುವುದು, ಇವಳು ಮುಂದೆ ಕೂತು ಹಾಡುವುದು. ಊರೂರಲ್ಲೂ ಪ್ರಶ್ನೆ, ಊರೂರಲ್ಲೂ ಉತ್ತರ. ಹೊಳೆ ದಾಟಿ ಆಚೆ ದಡದಿಂದಲೂ ಜನ ಉತ್ತರ ಹಾಡುತ್ತಿದ್ದರು ಎನ್ನುತ್ತಾರೆ, ಗಾಳಿ ಎದುರಿಗಿದ್ದರೂ. ಮಣ್ಣು ಹೊತ್ತವರದೇ ಎಂಬ ಮಾತು ಪೇಟೆಯ ಕಚೇರಿಯವರೆಗೂ ಹೋಯಿತು. ಪೋಲೀಸರು ಬಂದು ಅವಳನ್ನು ಹಿಡಿದುಕೊಂಡು ಹೋದರು.

ಮಾಮಲೇದಾರನ ಮುಂದೆ ನಿಲ್ಲಿಸಿದರು. ಏನು ಹಾಡಿದೆ, ಇಲ್ಲೇ ಹಾಡಿ ತೋರಿಸು ಎಂದ ಆತ. ಅವಳು ಹಾಡಿದಳು: "ಈ ಮಣ್ಣಿನ ಹೆಂಟೆ ಯಾರದು?" ಅಷ್ಟು ಹಾಡಿ ನಿಲ್ಲಿಸಿದಳು. ಮುಂದಿನದು ಹಾಡು ಎಂದ. ಮುಂದಿನದು ತನ್ನದಲ್ಲ ಎಂದಳು. ಅಷ್ಟರಲ್ಲಿ ಕಚೇರಿಯ ಹೊರಗೆ ಕೂತಿದ್ದ ಏಳ್ಗಂಡಿಯ ಜನ ಒಂದೇ ದನಿಯಲ್ಲಿ ಉಳಿದದ್ದನ್ನು ಹಾಡಿದರು. ಬಾಗಿಲಲ್ಲಿ ನಿಂತಿದ್ದ ಪಟ್ಟೇವಾಲನ ತುಟಿಯೂ ಅಲ್ಲಾಡಿತು ಎನ್ನುತ್ತಾರೆ. ಮಾಮಲೇದಾರ ಯೋಚನೆ ಮಾಡಿದ. ಪ್ರಶ್ನೆ ಕೇಳಿದವಳಿಗೆ ಶಿಕ್ಷೆ ಕೊಡುವುದಕ್ಕೆ ಪುಸ್ತಕದಲ್ಲಿ ದಾರಿಯಿಲ್ಲ. ಉತ್ತರ ಹೇಳಿದವರಿಗೆ ಕೊಡೋಣವೆಂದರೆ ಅಷ್ಟು ಜನರಿಗೆ ಜೈಲಿನಲ್ಲಿ ಜಾಗವಿಲ್ಲ. ಬಿಟ್ಟುಬಿಟ್ಟ. ಅವತ್ತು ದೋಣಿಗಳು ನಗುತ್ತ ಊರಿಗೆ ಬಂದವು.

ಮುಂದಿನ ಸಲ ಪೋಲೀಸರು ಜಾಣರಾಗಿದ್ದರು. ಹಾಡು ಎಂದು ಕೇಳಲಿಲ್ಲ, ಕಚೇರಿಗೆ ತರಲೂ ಇಲ್ಲ. ಹೊಳೆಯ ತಿರುವಿನಲ್ಲೇ ಹಿಡಿದು, ಘಟ್ಟದ ಮೇಲಿನ ದೂರದ ಜೈಲಿಗೆ ಕಳಿಸಿದರು. ಮೂರು ಮಳೆಗಾಲ ಅವಳ ಸುದ್ದಿಯಿಲ್ಲ.

ಈಗ ತಪ್ಪಿನ ಮಾತು. ಸ್ವಲ್ಪ ಹತ್ತಿರ ಬಂದು ಕೇಳಿ.

ನಿಸ್ತಾರಮ್ಮ ಸಾತುವಿನ ಮನೆಯಲ್ಲಿದ್ದಾಗ ಒಂದು ದೀಪಾವಳಿಗೆ ಗೋಡೆಯ ಮೇಲೆ ಬಿಳಿಯ ಶೇಡಿಮಣ್ಣಿನಿಂದ ತನ್ನ ಹೆಸರನ್ನು ತನ್ನ ಅಕ್ಷರದಲ್ಲಿ ಬರೆದಿದ್ದಳು. ಅವಳಿಗೆ ಬರೆಯಲು ಬರುತ್ತಿದ್ದದ್ದು ಬಂಗಾಲಿ ಅಕ್ಷರ ಒಂದೇ. ಮೇಲೆ ಒಂದು ಗೆರೆ, ಗೆರೆಯಿಂದ ಒಣಹಾಕಿದ ಬಟ್ಟೆಯ ಹಾಗೆ ಜೋತುಬಿದ್ದ ಅಕ್ಷರಗಳು. ಅವಳು ಜೈಲಿಗೆ ಹೋದ ಮೇಲೆ, ಮಳೆಗೆ ಮಾಸಿದ ಆ ಗೆರೆಗಳ ಮೇಲೆ ಸಾತು ಪ್ರತಿ ದೀಪಾವಳಿಗೆ ಹೊಸ ಶೇಡಿ ಎಳೆಯುತ್ತಿದ್ದಳು. ಓದಲು ಬಾರದಿದ್ದರೂ ಆ ಕೈಬರಹ ಅವಳ ಬೆರಳಿಗೆ ಗೊತ್ತಿತ್ತು.

ಮೂರನೇ ವರ್ಷದ ಬೇಸಿಗೆಯಲ್ಲಿ ಸಾಹುಕಾರನ ಕಾರಭಾರಿ ದೋಣಿ ಇಳಿದು ಗೌಡನ ಅಂಗಳಕ್ಕೆ ಬಂದ. ಗೌಡನ ಹೆಸರು ಜಟ್ಟಿಗೌಡ. ಒಳ್ಳೆಯವನೇ, ಆದರೆ ಕಾಗದ ಕಂಡರೆ ಬೆವರುವವನು. ಕಾರಭಾರಿ ಒಂದು ಕಾಗದ ಬಿಚ್ಚಿ ತೋರಿಸಿದ.

"ನೋಡಿ ಗೌಡರೇ, ನಿಮ್ಮ ಬಂಗಾಲಮ್ಮ ಜೈಲಿನಿಂದ ಬರೆದುಕೊಟ್ಟದ್ದು. ಇನ್ನು ಹಾಡುವುದಿಲ್ಲ, ಗಜನಿಯ ಸುದ್ದಿಗೆ ಬರುವುದಿಲ್ಲ ಅಂತ ಮಾಫಿ ಕೇಳಿದ್ದಾಳೆ. ಅವಳೇ ಬಿಟ್ಟ ಮೇಲೆ ನಿಮಗೆ ಯಾಕೆ ಹಟ?"

ಜನ ನಂಬಲಿಲ್ಲ. ಯಾವುದೋ ಕಾಗದ, ಯಾರೋ ಗೀಚಿದ್ದು ಎಂದರು. ಜಟ್ಟಿಗೌಡ ಸಾತುವನ್ನು ಕರೆಸಿದ. ನಿಸ್ತಾರಮ್ಮನ ಕೈಬರಹ ಗುರುತಿದ್ದವಳು ಇವಳೊಬ್ಬಳೇ. ಸಾತು ಕಾಗದದ ಮೇಲೆ ಬೆರಳಿಟ್ಟಳು. ಅದೇ ಗೆರೆ, ಅದೇ ತಿರುವು, ಅದೇ ಕೆಳಗಿನ ಕೊಂಡಿ. ಸುಳ್ಳು ಹೇಳಬಹುದಿತ್ತು. ಸಾತುವಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ.

"ಅವಳದ್ದೇ ಗೌಡ್ರೇ," ಎಂದಳು. "ಈ ಕೈ ನಂಗೆ ಗುರ್ತ ಅದೆ."

ಅಷ್ಟೇ ಅವಳು ಹೇಳಿದ್ದು. ಅಕ್ಷರ ಅವಳದು ಎಂದಳೇ ಹೊರತು ಮಾಫಿ ಕೇಳಿದ್ದಾಳೆ ಎನ್ನಲಿಲ್ಲ. ಆದರೆ ಊರು ಎರಡನ್ನೂ ಕೂಡಿಸಿ ಒಂದು ಮಾಡಿತು. ಸಾತುವೂ ಮನೆಗೆ ಬರುವಷ್ಟರಲ್ಲಿ ಎರಡನ್ನೂ ಒಂದು ಮಾಡಿಕೊಂಡಿದ್ದಳು. ಆ ದಿನ ಅವಳು ಗೋಡೆಯ ಮೇಲಿನ ಹೆಸರನ್ನು ಸಗಣಿಯಲ್ಲಿ ಸಾರಿಸಿಬಿಟ್ಟಳು. ಸಾರಿಸುವಾಗ ಅತ್ತಳು.

ಹೆಬ್ಬೆಟ್ಟು ಒತ್ತಿ ಗಜನಿ ಬಿಟ್ಟುಕೊಡಿ ಎಂದು ಕಾರಭಾರಿ ಅವಸರ ಮಾಡಿದ. ಬರುವ ಕೊಯ್ಲು ಕಳೆಯಲಿ, ನೋಡೋಣ ಎಂದು ಜಟ್ಟಿಗೌಡ ಹೇಗೋ ನೂಕಿದ. ಕಾಗದವನ್ನು ಅವನ ಕೈಯಲ್ಲೇ ಬಿಟ್ಟು ಕಾರಭಾರಿ ದೋಣಿ ಹತ್ತಿದ. ಗೌಡ ಅದನ್ನು ಮಾಡಿನ ಸಂದಿಗೆ ಸಿಕ್ಕಿಸಿದ.

ಆ ವೈಶಾಖದ ಕಟ್ಟೆಯ ದಿನ ಜನ ಬಂದರು, ಆದರೆ ಮನಸ್ಸಿಲ್ಲದೆ ಬಂದರು. ಏಳನೇ ಗಂಡಿಯ ಮನೆಗಳಿಂದಂತೂ ಯಾರೂ ಬರಲಿಲ್ಲ. ಬಿಡುವ ಗದ್ದೆಗೆ ಯಾಕೆ ಮೈ ಮುರಿಯಬೇಕು ಎಂದರು. ಕೆಲಸ ಅರ್ಧ ಆಗಿರುವಾಗ ದೋಣಿಯೊಂದು ಬಂತು. ನಿಸ್ತಾರಮ್ಮ ಇಳಿದಳು. ಕೂದಲು ಕತ್ತರಿಸಿದ್ದರು, ಕೆನ್ನೆ ಒಳಗೆ ಹೋಗಿತ್ತು, ಏಕತಾರಿ ಇರಲಿಲ್ಲ. ಮುಖ ಮಾತ್ರ ಊರು ಕಂಡ ಸಂತೋಷದಲ್ಲಿತ್ತು. ಮೊದಲ ದಿನ ಬಂದ ಹಾಗೆಯೇ ನೀರಿನಲ್ಲಿ ನಡೆದು ಬಂದು, ಸಾಲಿನಲ್ಲಿ ಸಾತುವಿನ ಪಕ್ಕ ನಿಂತು, ಹೆಂಟೆ ಎತ್ತಿ ಹಾಡಿದಳು.

"ಈ ಮಣ್ಣಿನ ಹೆಂಟೆ ಯಾರದು?"

ಯಾರೂ ಹಾಡಲಿಲ್ಲ.

ಕೇಳಿಸಲಿಲ್ಲವೇನೋ ಎಂದು ಅವಳು ಇನ್ನೊಮ್ಮೆ ಹಾಡಿದಳು. ಯಾರೂ ಹಾಡಲಿಲ್ಲ. ಮೂರನೇ ಸಲ ಹಾಡುವಾಗ ಅವಳು ಸಾತುವಿನ ಮುಖವನ್ನೇ ನೋಡುತ್ತಿದ್ದಳು. ಸಾತು ಕೈಯಲ್ಲಿದ್ದ ಮಣ್ಣನ್ನು ನೋಡುತ್ತಿದ್ದಳು. ಉತ್ತರ ಗಂಟಲಿನವರೆಗೆ ಬಂದಿತ್ತು ಎಂದು ಸಾತಕ್ಕ ಮುದುಕಿಯಾದ ಮೇಲೂ ಹೇಳುತ್ತಿದ್ದಳು. ಗಂಟಲಿನವರೆಗೆ ಬಂದದ್ದನ್ನು ನುಂಗಿದೆ, ಆ ಉಪ್ಪು ಇವತ್ತಿಗೂ ಹೋಗಿಲ್ಲ ಎನ್ನುತ್ತಿದ್ದಳು.

ನಿಸ್ತಾರಮ್ಮ ಏನು, ಯಾಕೆ ಎಂದು ಕೇಳಲಿಲ್ಲ. ಸಂಜೆಯವರೆಗೆ ಹಾಡಿಲ್ಲದೆ ಮಣ್ಣು ಹೊತ್ತಳು. ಆಮೇಲೆ ಏಳನೇ ಗಂಡಿಯ ಹತ್ತಿರ ಕಾವಲಿನವರು ಬಿಟ್ಟುಹೋಗಿದ್ದ ಗುಡಿಸಲಿಗೆ ಹೋಗಿ ಕೂತಳು. ಬೇರೆ ಊರುಗಳು ಅವಳನ್ನು ಕರೆದುಕೊಂಡು ಹೋಗಲು ದೋಣಿ ಕಳಿಸಿದವು. ಅಲ್ಲಿ ಅವಳಿಗಾಗಿ ಜನ ಕಾಯುತ್ತಿದ್ದರು. ಅವಳು ಹೋಗಲಿಲ್ಲ. ಯಾಕೆ ಎಂದು ದೋಣಿಯವನು ಕೇಳಿದ್ದಕ್ಕೆ, ತನ್ನ ಮಣ್ಣು ಈ ಕಟ್ಟೆಯಲ್ಲಿದೆ ಎಂದಳಂತೆ.

ಸಾತು ದಿನಾ ಒಂದು ಮಡಕೆ ಗಂಜಿಯನ್ನು ಕಟ್ಟೆಯ ಮೇಲಿಟ್ಟು ಬರುತ್ತಿದ್ದಳು. ಮರುದಿನ ಮಡಕೆ ತೊಳೆದು ಬೋರಲಾಗಿ ಅಲ್ಲೇ ಇರುತ್ತಿತ್ತು. ಯಾಕೆ ಬರೆದುಕೊಟ್ಟೆ ಎಂದು ಇವಳು ಕೇಳಲಿಲ್ಲ. ಯಾಕೆ ಓಗೊಡಲಿಲ್ಲ ಎಂದು ಅವಳು ಕೇಳಲಿಲ್ಲ. ಇಬ್ಬರಿಗೂ ಬಾಯಿತ್ತು. ಒಬ್ಬಳು ತೆರೆದಿದ್ದರೂ ಕತೆ ಇಲ್ಲಿಗೇ ಮುಗಿದು, ನೀವೆಲ್ಲ ಎದ್ದು ಮನೆಗೆ ಹೋಗಬಹುದಿತ್ತು.

ಮಳೆ ಹಿಡಿಯಿತು. ಕಗ್ಗ ಮೊಳೆತು ಮೊಣಕಾಲೆತ್ತರ ಬಂತು. ಏಳನೇ ಗಂಡಿಯ ಹಲಗೆ ಬದಲಿಸಿರಲಿಲ್ಲ, ಬುಡದಲ್ಲಿ ಕೊಳೆತು ಕುಂಬಾಗಿತ್ತು. ಶ್ರಾವಣದ ಹುಣ್ಣಿಮೆ ಬಂತು. ವರ್ಷದ ದೊಡ್ಡ ಭರತ ಅದು. ಘಟ್ಟದ ಮೇಲೆ ಮೂರು ದಿನದಿಂದ ಮಳೆ ಸುರಿದು ಹೊಳೆ ತುಂಬಿ ಬರುತ್ತಿತ್ತು. ಬೆಳಗಿನ ಗಂಜಿಯ ಹೊತ್ತಿಗೆ, ಮೇಲಿನಿಂದ ಹೊಳೆಯೂ ಕೆಳಗಿನಿಂದ ಸಮುದ್ರವೂ ಸೇರಿ ಒತ್ತಿ, ಏಳನೇ ಬಾಗಿಲಿನ ಕೆಳಹಲಗೆ ಮುರಿಯಿತು.

ಆಗ ಅವಳ ದನಿ ಕೇಳಿಸಿತು.

"ಉಪ್ಪುನೀರೇ, ಎಲ್ಲಿಗೆ ಬಂದೆ?"

ಮನೆಮನೆಯಲ್ಲೂ ಕೇಳಿಸಿತು. ಗಂಜಿ ಉಣ್ಣುತ್ತಿದ್ದವರು ತಲೆ ಎತ್ತಿದರು. ಮಾಫಿ ಕೇಳಿದವಳು ಈಗ ಯಾಕೆ ಹಾಡುತ್ತಾಳೆ ಎಂದುಕೊಂಡು ಮತ್ತೆ ತಲೆ ಬಗ್ಗಿಸಿದರು. ದನಿ ಇನ್ನೊಮ್ಮೆ ಬಂತು. ಮತ್ತೊಮ್ಮೆ ಬಂತು. ಪ್ರತಿ ಸಲವೂ ಹಾಡಿದ ಮೇಲೆ ಒಂದು ಉಸಿರಿನಷ್ಟು ಹೊತ್ತು ಕಾಯುತ್ತಿತ್ತು. ಉತ್ತರಕ್ಕೆ ಬಿಟ್ಟ ಜಾಗ ಅದು. ಒಲೆಯ ಮುಂದೆ ಕೂತಿದ್ದ ಸಾತು ಆ ಜಾಗವನ್ನು ಕೇಳುತ್ತಿದ್ದಳು. ಐದನೆಯ ಸಲವೋ ಆರನೆಯ ಸಲವೋ ದನಿ ಸಣ್ಣಗಾಯಿತು, ಕಾಯುವ ಹೊತ್ತು ಮಾತ್ರ ಸಣ್ಣಗಾಗಲಿಲ್ಲ. ನೀರಿನಲ್ಲಿ ನಿಂತು ಹಾಡುವವರ ದನಿ ಹಾಗೆ ಕುಗ್ಗುತ್ತದೆ ಎಂದು ಸಮುದ್ರಕ್ಕೆ ಗಂಡನನ್ನು ಕೊಟ್ಟವಳಿಗೆ ಗೊತ್ತಿತ್ತು.

ಸಾತು ಸೌಟು ಬಿಸಾಡಿ ಅಂಗಳಕ್ಕೆ ಬಂದಳು. ಮಳೆಯಲ್ಲಿ ನಿಂತು, ಮೈಯಲ್ಲಿದ್ದ ಉಸಿರನ್ನೆಲ್ಲ ಸೇರಿಸಿ ಹಾಡಿದಳು: "ಬಂದ ದಾರೀಲಿ ಹಿಂದಕ್ಕೆ ನಡಿ!" ಹಾಡುತ್ತಲೇ ಓಡಿದಳು. ಅವಳ ದನಿ ಕೇಳಿ ಪಕ್ಕದ ಮನೆಯವಳು ಹೊರಗೆ ಬಂದಳು. ಅವಳ ಹಿಂದೆ ಇನ್ನೊಬ್ಬಳು. ಜಟ್ಟಿಗೌಡ ಕಂಬಳಿಕೊಪ್ಪೆಯನ್ನೂ ಹಾಕಿಕೊಳ್ಳದೆ ಓಡಿದ.

ಹೋಗಿ ನೋಡಿದರೆ, ಮುರಿದ ಬಾಗಿಲಿಗೆ ಬೆನ್ನು ಕೊಟ್ಟು, ಎದುರಿನ ಕಲ್ಲಿಗೆ ಕಾಲು ಒತ್ತಿ, ಕುತ್ತಿಗೆಯವರೆಗೆ ನೀರಿನಲ್ಲಿ ನಿಸ್ತಾರಮ್ಮ. ಅವಳ ಬೆನ್ನಿನ ಹಿಂದೆ ಇಡೀ ಸಮುದ್ರ. ಒಂದು ಯಾಮ ಹಾಗೆ ತಡೆದಳು ಎನ್ನುತ್ತಾರೆ. ಮನುಷ್ಯರಿಂದ ಆಗುವ ಮಾತಲ್ಲ. ಸಾತಕ್ಕ ಹೇಳಿದ್ದು, ಒಂದು ಮಡಕೆ ಗಂಜಿ ಬೇಯುವಷ್ಟು ಹೊತ್ತು. ನನ್ನನ್ನು ಕೇಳಿದರೆ ಅದೇ ಹೆಚ್ಚಿನದು.

ಸಾಲು ನಿಂತಿತು. ಏಳನೇ ಗಂಡಿಯ ಮನೆಯವರೇ ಮೊದಲು ನಿಂತರು. ಮನೆಯ ಬಾಗಿಲು ಕಿತ್ತು ತಂದು ಅಡ್ಡ ಹಾಕಿದರು, ಹೆಂಟೆ ದಾಟಿಸಿದರು. ಅವಳು ಅರ್ಧ, ಊರು ಅರ್ಧ. ಮಧ್ಯಾಹ್ನ ನೀರು ಹಿಂದಕ್ಕೆ ಸರಿಯುವವರೆಗೆ ಆ ಹಾಡು ನಿಲ್ಲಲಿಲ್ಲ. ಕಟ್ಟೆ ನಿಂತಿತು.

ಅವಳನ್ನು ಸಾತು ತನ್ನ ಮನೆಗೆ ಹೊತ್ತು ತಂದಳು. ಪಕ್ಕೆಲುಬು ಮುರಿದಿತ್ತು, ಜ್ವರ ಏರುತ್ತಿತ್ತು. ಎರಡನೇ ದಿನ ಸಾತು ಗೌಡನ ಮನೆಗೆ ಹೋಗಿ ಮಾಡಿನ ಸಂದಿಯಿಂದ ಕಾಗದ ಎಳೆದು ತಂದು ಅವಳ ಮುಂದೆ ಹಿಡಿದಳು.

"ಇದು ಎಂತದೆ? ನೀನೇ ಓದಿ ಹೇಳು."

ನಿಸ್ತಾರಮ್ಮ ಕಾಗದ ನೋಡಿ ನಕ್ಕಳು. "ತಲುಪಿತಾ? ತಲುಪಲಿಲ್ಲ ಅಂತ ಮಾಡಿದ್ದೆ," ಎಂದಳು.

ಅದು ಜೈಲಿನಿಂದ ಅವಳು ಸಾತುವಿಗೆ ಬರೆದದ್ದು. ಬಿಡುಗಡೆಯಾಗಿ ಬರುತ್ತಿದ್ದ ಒಬ್ಬನ ಕೈಯಲ್ಲಿ ಕಳಿಸಿದ್ದಳು. ದೋಣಿಗಟ್ಟೆಯಲ್ಲಿ ಸಾಹುಕಾರನ ಜನ ಅದನ್ನು ಕಿತ್ತುಕೊಂಡಿದ್ದರು. ಅಕ್ಷರ ಬಂಗಾಲಿ, ಮಾತು ಏಳ್ಗಂಡಿಯ ಕನ್ನಡ. ಮಾಫಿಯ ಸುಳಿವೇ ಇರಲಿಲ್ಲ. ಇದ್ದದ್ದು ಏಳು ಅರ್ಧ ಸಾಲು. ಕಟ್ಟೆಯ ದಿನ ತಾನಿಲ್ಲದಿದ್ದರೆ ಊರಿಗೆ ಪ್ರಶ್ನೆ ಇಲ್ಲದೆ ಆಗಬಾರದು ಎಂದು ಗಂಡಿಗೊಂದರಂತೆ ಬರೆದು ಕಳಿಸಿದ್ದಳು. ಓದಿ ಹೇಳಲು ಯಾರಾದರೂ ಸಿಗುತ್ತಾರೆ ಎಂದುಕೊಂಡಿದ್ದಳು.

ಸಾತು ಅವಳ ಕಾಲು ಹಿಡಿದುಕೊಂಡಳು. ಎಲ್ಲವನ್ನೂ ಹೇಳಿದಳು, ಬೆರಳಿಟ್ಟು ಗುರುತಿಸಿದ್ದನ್ನು, ಗೋಡೆ ಸಾರಿಸಿದ್ದನ್ನು, ಉತ್ತರ ನುಂಗಿದ್ದನ್ನು. ಅಂಗಳದಲ್ಲಿ ಊರು ಕೂಡಿತ್ತು, ಯಾರೂ ತಲೆ ಎತ್ತಲಿಲ್ಲ. ನಿಸ್ತಾರಮ್ಮ ಸಾತುವಿನ ತಲೆಯ ಮೇಲೆ ಕೈಯಿಟ್ಟು, ಕಾಗದದ ಮೊದಲ ಸಾಲನ್ನು ಹಾಡಿದಳು. ಸಾತು ಅಳುತ್ತಲೇ ಉತ್ತರ ಹುಡುಕಿ ಹಾಡಿದಳು. ಎರಡನೆಯದಕ್ಕೆ ಜಟ್ಟಿಗೌಡನ ಹೆಂಡತಿ ಹಾಡಿದಳು. ಹೀಗೆ ಆರು ಸಾಲು ಆಯಿತು. ಏಳನೆಯದರ ಮೇಲೆ ಬೆರಳಿಟ್ಟಾಗ ಅವಳಿಗೆ ಉಸಿರು ಸಾಲಲಿಲ್ಲ.

"ನಾಳೆ," ಎಂದಳು.

ನಾಳೆ ಬೆಳಗಾಗುವಷ್ಟರಲ್ಲಿ ಅವಳಿರಲಿಲ್ಲ.

ಏಳನೇ ಗಂಡಿಯ ಪಕ್ಕದಲ್ಲೇ ದಹನ ಮಾಡಿದರು. ಬೂದಿಯನ್ನು ಹೊಳೆಗೆ ಬಿಡಲಿಲ್ಲ. ಕೆಸರಿನಲ್ಲಿ ಕಲಸಿ ಹೆಂಟೆ ಮಾಡಿ, ಕೈಯಿಂದ ಕೈಗೆ ದಾಟಿಸಿ, ಕಟ್ಟೆಗೆ ಹೊಡೆದು ಕೂರಿಸಿದರು. ಆ ವರ್ಷ ಕಗ್ಗ ಬಂತು. ಪಾಳು ನೆಲ ನೋಡಲು ಮಾಮಲೇದಾರ ದೋಣಿಯಲ್ಲಿ ಬಂದಾಗ ತೆನೆ ಕೆಂಪಗೆ ಬಾಗಿ ನಿಂತಿತ್ತು. ಆತ ಏನೋ ಬರೆದುಕೊಂಡು ಹೋದ. ಸಾಹುಕಾರ ಆಗರಕ್ಕೆ ಬೇರೆ ಜಾಗ ನೋಡಿಕೊಂಡ. ಆ ಕಾರಭಾರಿ ಮುಂದಿನ ಭರತದಲ್ಲೇ ದೋಣಿ ಮಗುಚಿ ಸತ್ತ ಎನ್ನುತ್ತಾರೆ. ಹಾಗೆ ಆಗಿದ್ದರೆ ನಮಗೂ ಸಮಾಧಾನವಿತ್ತು. ಪೇಟೆಯಲ್ಲಿ ಅಂಗಡಿ ಹಾಕಿ ಬಹಳ ಕಾಲ ಚೆನ್ನಾಗಿಯೇ ಇದ್ದ ಎಂದು ಸಾತಕ್ಕ ಹೇಳಿದಳು.

ಎಷ್ಟೋ ವರ್ಷಗಳ ಮೇಲೆ, ದೊರೆಗಳೂ ಹೋದ ಮೇಲೆ, ಊರಿಗೊಬ್ಬ ಶಾಲಾಮಾಸ್ತರ ಬಂದ. ಬಂಗಾಲದ ಕಡೆ ಕೆಲಸ ಮಾಡಿ ಬಂದವನು, ಆ ಅಕ್ಷರ ಓದಬಲ್ಲವನು. ಕತೆ ಕೇಳಿ ಅವನಿಗೆ ಮನಸ್ಸು ತುಂಬಿ ಬಂತು. ಕಾಗದ ಕೊಡಿ, ಏಳನೇ ಸಾಲಿನಲ್ಲಿ ಏನಿದೆ ಎಂದು ಈಗಲೇ ಓದಿ ಹೇಳುತ್ತೇನೆ ಎಂದ. ಸಾತಕ್ಕನಿಗೆ ಆಗ ಕಣ್ಣು ಮಂಜಾಗಿತ್ತು. ಕಾಗದವನ್ನು ಮಡಿಲಿನಿಂದ ಹೊರಗೆ ತೆಗೆಯಲಿಲ್ಲ.

"ಬ್ಯಾಡ ಮಾಸ್ತರೆ," ಎಂದಳು. "ತಿಳಿಯೂ ಹಾಂಗೆ ಕರೆದಾಗ ನಾವು ಓ ಅನ್ನಲಿಲ್ಲ. ಇದೊಂದಕ್ಕೆ ತಿಳಿಯದೇ ಓ ಅಂತೇವೆ."

ಅವಳು ಹೋದಾಗ ಕಾಗದವೂ ಅವಳ ಜೊತೆಗೇ ಹೋಯಿತು. ಆದರೆ ಆ ಏಳನೇ ಸಾಲು ಉಳಿದಿದೆ, ಹೋಗುವ ಮೊದಲು ಸಾತಕ್ಕ ಅದರ ಗೆರೆಗಳನ್ನು ಎಳೆದು ಸೊಸೆಗೆ ತೋರಿಸಿಕೊಟ್ಟಿದ್ದಳು. ಪ್ರತಿ ವೈಶಾಖ, ಕಟ್ಟೆಯ ಕೆಲಸದ ದಿನ, ಆರನೇ ಗಂಡಿಯ ಮನೆಯ ಸೊಸೆ ಏಳನೇ ಬಾಗಿಲಿನ ಹೊಸ ಹಲಗೆಯ ಮೇಲೆ ಶೇಡಿಯಿಂದ ಆ ಗೆರೆಗಳನ್ನು ಎಳೆಯುತ್ತಾಳೆ, ಅತ್ತೆ ಎಳೆದದ್ದನ್ನು ನೋಡಿ ಕಲಿತ ಹಾಗೆ. ಮೇಲೊಂದು ಗೆರೆ, ಕೆಳಗೆ ಜೋತುಬಿದ್ದ ತಿರುವುಗಳು. ಕೈಯಿಂದ ಕೈಗೆ ಬಂದು ಅದು ಈಗ ಯಾವ ಭಾಷೆಯ ಅಕ್ಷರವಾಗಿಯೂ ಉಳಿದಿಲ್ಲವೇನೋ. ಯಾರೂ ಕೇಳುವುದಿಲ್ಲ. ಮುಂದಿನ ವರ್ಷದೊಳಗೆ ನೀರು ಅದನ್ನು ತೊಳೆದುಹಾಕುತ್ತದೆ, ಮತ್ತೆ ಎಳೆಯುತ್ತಾರೆ.

ಆಮೇಲೆ ಸಾಲು ನಿಲ್ಲುತ್ತದೆ. ಮೊದಲ ಹೆಂಟೆಯನ್ನು ಎತ್ತಿದವರು ಹಾಡುವುದಿಲ್ಲ. ಒಂದು ಅರ್ಧ ಸಾಲು ಹಾಡುವಷ್ಟು ಹೊತ್ತು ಎಲ್ಲರೂ ಸುಮ್ಮನಿರುತ್ತಾರೆ, ಮಕ್ಕಳೂ ಸುಮ್ಮನಿರುತ್ತವೆ, ಹೊಳೆಯ ನೀರು ಹಲಗೆಗೆ ಬಡಿಯುವುದು ಮಾತ್ರ ಕೇಳಿಸುತ್ತದೆ. ಅಷ್ಟು ಹೊತ್ತು ಕಳೆದ ಮೇಲೆ ಇಡೀ ಊರು "ಓ" ಎನ್ನುತ್ತದೆ, ಮತ್ತು ಹೆಂಟೆಗೆ ಕೈ ನೀಡುತ್ತದೆ.